ಹಾಯಿದೋಣಿಯ ಶೌಚಗೃಹ

ಮನೆಯನ್ನು ಕಟ್ಟಿಸುವ ಗೃಹಸ್ಥನು ಬಾಗಿಲಿಗೆ ದಿಕ್ಕನ್ನು ವಿಚಾರಿಸುತ್ತಾನೆ. ದೇವರಮನೆಗೆ ಈಶಾನ್ಯವನ್ನೂ ಅಡಿಗೆಮನೆಗೆ ಆಗ್ನೇಯವನ್ನೂ ಗೊತ್ತುಮಾಡುತ್ತಾನೆ. ಶೌಚಗೃಹದ ಪ್ರಸ್ತಾಪ ಬಂದೊಡನೆ ಮಾತ್ರ ಮುಖವನ್ನು ಅತ್ತ ತಿರುಗಿಸಿ, ಅದನ್ನು ಮೇಸ್ತ್ರಿಯ ಬುದ್ಧಿಗೆ ಬಿಟ್ಟುಬಿಡುತ್ತಾನೆ. ನೆಲದ ಮೇಲೆ ಈ ಔದಾಸೀನ್ಯವು ಹೇಗೋ ಸಾಗಿಹೋಗುತ್ತದೆ. ನೀರಿನ ಮೇಲೆ ಸಾಗದು. ಮೂವತ್ತಡಿ ಉದ್ದದ ಹಾಯಿದೋಣಿಯೊಂದರಲ್ಲಿ ನಾಲ್ಕು ಜನರ ಸಂಸಾರವು ವಾರಗಟ್ಟಲೆ ವಾಸಮಾಡುವಾಗ, ಹಾಸಿಗೆಗೂ ಒಲೆಗೂ ಒಂದೆರಡು ಮಾರು ದೂರದಲ್ಲಿ, ತೆಳ್ಳನೆಯ ಹಲಗೆಯ ಬಾಗಿಲೊಂದರ ಮರೆಯಲ್ಲಿ ಶೌಚಗೃಹವಿರುತ್ತದೆ. ಅಲ್ಲಿಂದ ಹೊರಡುವ ಕೊಳವೆಯು ದೋಣಿಯ ಮೈಯನ್ನು ಕೊರೆದ ರಂಧ್ರವೊಂದರ ಮೂಲಕ ಸಮುದ್ರಕ್ಕೆ ತೆರೆದುಕೊಳ್ಳುತ್ತದೆ. ಮಲವನ್ನು ಹೊರಗೆ ಸಾಗಿಸುವ ಆ ರಂಧ್ರವೇ ಸಮುದ್ರವನ್ನು ಒಳಕ್ಕೆ ತರಬಲ್ಲ ರಂಧ್ರವೂ ಆಗಿದೆ ಎಂಬುದನ್ನು ನೆನೆದರೆ, ಈ ವಿಷಯವು ಮುಖ ತಿರುಗಿಸತಕ್ಕದ್ದಲ್ಲವೆಂದು ವಾಚಕರಿಗೆ ತಾನೇ ಹೊಳೆದೀತು.

ಪೂರ್ವಕಾಲದ ದೊಡ್ಡ ಹಡಗುಗಳಲ್ಲಿ ಈ ತೊಡಕೇ ಇರಲಿಲ್ಲ. ಯೂರೋಪಿನ ಯುದ್ಧನೌಕೆಗಳಲ್ಲಿ ನಾವಿಕರ ಶೌಚಸ್ಥಾನವು ಹಡಗಿನ ಮೂತಿಯಲ್ಲಿ, ಕೆಳಗೆ ಸಮುದ್ರವೇ ಕಾಣುವಂತೆ ರಂಧ್ರ ಕೊರೆದ ಹಲಗೆಗಳ ಮೇಲೆ ಇರುತ್ತಿತ್ತು. ಹಾಯಿಗಳನ್ನು ತುಂಬುವ ಗಾಳಿಯು ಬಹುಮಟ್ಟಿಗೆ ಹಿಂದಿನಿಂದ ಬೀಸುವುದರಿಂದ ದುರ್ಗಂಧವು ಮುಂದಕ್ಕೇ ಹೋಗುತ್ತಿತ್ತು. ಮೂತಿಗೆ ಅಪ್ಪಳಿಸುವ ಅಲೆಗಳು ತೊಳೆಯುವ ಕೆಲಸವನ್ನು ನೋಡಿಕೊಳ್ಳುತ್ತಿದ್ದುವು. ಇಂಗ್ಲಿಷ್ ನಾವಿಕರು ಇಂದಿಗೂ ಶೌಚಗೃಹವನ್ನು 'ಹೆಡ್', ಅಂದರೆ ತಲೆ, ಎಂದು ಕರೆಯುವುದಕ್ಕೆ ಇದೇ ಕಾರಣ. 1805ರ ಟ್ರಫಾಲ್ಗರ್ ಯುದ್ಧದಲ್ಲಿ ನೆಲ್ಸನ್ನನ ಹಡಗಾಗಿದ್ದ 'ವಿಕ್ಟರಿ'ಯು ಪೋರ್ಟ್ಸ್‌ಮತ್ತಿನಲ್ಲಿ ಈಗಲೂ ಇದೆ. ಎಂಟುನೂರಕ್ಕೆ ಮೀರಿದ ಜನರಿದ್ದ ಆ ಹಡಗಿನಲ್ಲಿ ಸಾಮಾನ್ಯ ನಾವಿಕರಿಗಿದ್ದ ಆಸನಗಳನ್ನು ಬೆರಳುಗಳಲ್ಲಿ ಎಣಿಸಬಹುದು. ಅಧಿಕಾರಿಗಳಿಗೆ ಮಾತ್ರ ಹಿಂಭಾಗದಲ್ಲಿ ಮರೆಯಾದ ಸ್ಥಳ. ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು'ವಿನಲ್ಲಿ ನೌಕೆಗಳನ್ನು ಸರ್ವಮಂದಿರಾ, ಮಧ್ಯಮಂದಿರಾ, ಅಗ್ರಮಂದಿರಾ ಎಂದು ಕೋಣೆಗಳ ಸ್ಥಾನವನ್ನನುಸರಿಸಿ ವಿಭಾಗಿಸಿದೆಯಷ್ಟೆ. ಅವುಗಳಲ್ಲಿ ಮೂತಿಯ ಕಡೆಗೆ ಕೋಣೆಯುಳ್ಳ ಅಗ್ರಮಂದಿರೆಯು ದೀರ್ಘಯಾತ್ರೆಗೂ ಯುದ್ಧಕ್ಕೂ ಪ್ರಶಸ್ತವೆನಿಸಿತ್ತು. ಅದೇ ಅಗ್ರಭಾಗವನ್ನು ಆಂಗ್ಲೇಯರು ಯಾವುದಕ್ಕೆ ವಿನಿಯೋಗಿಸಿದರೆಂಬುದನ್ನು ನೆನೆದಾಗ ನಮಗೆ ನಗು ಬಾರದಿರದು. ಅರಬ್ಬರ ಧೌಗಳಲ್ಲಿ ಇನ್ನೂ ಸರಳ: ಹಡಗಿನ ಹಿಂಭಾಗದ ಹೊರಮೈಗೆ ಪೆಟ್ಟಿಗೆಯೊಂದನ್ನು ತೂಗುಹಾಕಿ, ಅದರ ತಳದಲ್ಲಿ ಒಂದು ರಂಧ್ರವನ್ನು ಬಿಟ್ಟರೆ ಮುಗಿಯಿತು.

ನೆಲದ ಮೇಲಣ ಸುಧಾರಣೆಗಳು ಬೇರೆ ದಾರಿಯಲ್ಲಿ ನಡೆದುವು. 1775ರಲ್ಲಿ ಅಲೆಗ್ಸಾಂಡರ್ ಕಮಿಂಗನು ಬಾಗಿದ ಕೊಳವೆಯಲ್ಲಿ ನೀರನ್ನು ನಿಲ್ಲಿಸಿ ದುರ್ವಾಯುವನ್ನು ತಡೆಯುವ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. 1778ರಲ್ಲಿ ಜೋಸೆಫ್ ಬ್ರಾಮನು ಅದನ್ನು ಉತ್ತಮಪಡಿಸಿದನು. ಮನೆಯಲ್ಲಿ ಎತ್ತರದ ತೊಟ್ಟಿಯಿಂದ ನೀರು ಇಳಿಯುತ್ತದೆ, ಇಳಿದದ್ದು ಇನ್ನೂ ತಗ್ಗಿಗೆ ಹರಿಯುತ್ತದೆ. ಎಲ್ಲವೂ ಭೂಮಿಯ ಆಕರ್ಷಣೆಯ ಕೆಲಸ. ಸಣ್ಣ ದೋಣಿಯಲ್ಲಿ ಪಿಂಗಾಣಿಯ ಬೋಗುಣಿಯು ಸಾಮಾನ್ಯವಾಗಿ ಹೊರಗಿನ ಸಮುದ್ರದ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ಅಲ್ಲಿ ತಗ್ಗು ಎಂಬುದೇ ಇಲ್ಲ; ಎಲ್ಲವನ್ನೂ ಮೇಲಕ್ಕೆತ್ತಿ ಹೊರಗೆ ಹಾಕಬೇಕು. ಆದುದರಿಂದ ಬೋಗುಣಿಯ ಪಕ್ಕದಲ್ಲಿ ಕೈಪಂಪೊಂದಿರುತ್ತದೆ. ಅದರ ಹಿಡಿಯನ್ನು ಮೇಲೆ ಕೆಳಗೆ ಆಡಿಸಿದರೆ, ಪಂಪಿನ ಮೇಲರ್ಧವು ಮುಕ್ಕಾಲಂಗುಲದ ಕೊಳವೆಯಿಂದ ಸಮುದ್ರದ ನೀರನ್ನೆಳೆದು ಬೋಗುಣಿಗೆ ಬಿಡುತ್ತದೆ; ಕೆಳಗಿನರ್ಧವು ಬೋಗುಣಿಯಲ್ಲಿರುವುದನ್ನು ಒಂದೂವರೆ ಅಂಗುಲದ, ಅಂದರೆ 38 ಮಿಲಿಮೀಟರಿನ, ಕೊಳವೆಯ ಮೂಲಕ ಹೊರಕ್ಕೆ ತಳ್ಳುತ್ತದೆ. ಎರಡು ಕೊಳವೆಗಳೂ ದೋಣಿಯ ಮೈಯನ್ನು ದಾಟುವ ಸ್ಥಳದಲ್ಲಿ 'ಸೀಕಾಕ್' ಎಂಬ ತಿರುಗಣೆಗಳಿರುತ್ತವೆ. ಹಿಡಿಯನ್ನು ಕಾಲುಸುತ್ತು ತಿರುಗಿಸಿದರೆ ದಾರಿ ಮುಚ್ಚುತ್ತದೆ. ಯಂತ್ರವೆಲ್ಲ ಇಷ್ಟೆ. ಬೆಲೆ ಹೆಚ್ಚಿನ ದೋಣಿಗಳಲ್ಲಿ ಕೈಗೆ ಬದಲಾಗಿ ವಿದ್ಯುತ್ತು ಕೆಲಸ ಮಾಡುತ್ತದೆಯೇ ಹೊರತು ತತ್ತ್ವವು ಬೇರೆಯಲ್ಲ.

ಕಳೆದ ಬೇಸಿಗೆಯಲ್ಲಿ ನಾವು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಹ್ಯಾಂಬಲ್ ನದಿಯ ದಡದಲ್ಲಿರುವ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಒಂದು ತಿಂಗಳು ಅತಿಥಿಗಳಾಗಿದ್ದೆವು. ಆ ನದಿಯಲ್ಲಿ ಹಾಯಿದೋಣಿಗಳು ನಮ್ಮ ಜಾತ್ರೆಯ ಗಾಡಿಗಳಂತೆ ಸಾಲುಸಾಲಾಗಿ ಕಟ್ಟಿ ನಿಂತಿರುತ್ತವೆ. ಶಿಷ್ಯನದೂ ಅವುಗಳಲ್ಲೊಂದು, ಮೂವತ್ತೊಂದಡಿಯದು, ಗಾಜಿನ ನಾರು ಮತ್ತು ರಾಳದಿಂದ 1970ರ ದಶಕದಲ್ಲಿ ನಿರ್ಮಿತವಾದುದು, ಹಲವು ಕೈಗಳನ್ನು ದಾಟಿ ಬಂದುದು. ಅದನ್ನು ಕೊಂಡ ವರುಷ ನಡೆದುದನ್ನು ಆತನು ನಮಗೆ ಹೇಳಿದನು. ಹೆಂಡತಿ ಮಕ್ಕಳೊಡನೆ ರಾತ್ರಿ ದೋಣಿಯಲ್ಲೇ ಮಲಗಿದ್ದಾಗ, ಬೆಳಗಿನ ಜಾವದಲ್ಲಿ ಆರು ವರುಷದ ಹುಡುಗನು, "ಅಪ್ಪಾ, ನನ್ನ ಚಪ್ಪಲಿ ತೇಲ್ತಾ ಇದೆ" ಎಂದು ಎಬ್ಬಿಸಿದನಂತೆ. ಕಾಲು ಕೆಳಗಿಟ್ಟರೆ ಮಂಡಿಯ ಅರ್ಧದವರೆಗೆ ತಣ್ಣೀರು. ಬಂಡೆಗೆ ಬಡಿದಿರಲಿಲ್ಲ, ಬಿರುಗಾಳಿ ಬೀಸಿರಲಿಲ್ಲ, ದೋಣಿ ಕಟ್ಟಿದಲ್ಲೇ ಇತ್ತು. ಮಲಗುವ ಮುನ್ನ ಯಾರೋ ಶೌಚಗೃಹಕ್ಕೆ ಹೋಗಿ ಬಂದಿದ್ದರು. ಸೀಕಾಕುಗಳು ತೆರೆದೇ ಇದ್ದುವು. ಬೋಗುಣಿಯು ತುಂಬಿ, ಅಂಚನ್ನು ಮೀರಿ, ರಾತ್ರಿಯೆಲ್ಲ ಸದ್ದಿಲ್ಲದೆ ಹರಿಯುತ್ತಿತ್ತು. ಹುಡುಗನು ಇನ್ನು ಎರಡು ಗಂಟೆ ಹೆಚ್ಚು ನಿದ್ರಿಸಿದ್ದರೆ ಏನಾಗುತ್ತಿತ್ತೆಂಬುದನ್ನು ಅವನ ತಾಯಿ ಇಂದಿಗೂ ಬಾಯಿಬಿಟ್ಟು ಆಡುವುದಿಲ್ಲ.

ಇದರ ಕಾರಣವು ವಾಚಕರಿಗೆ ಅಪರಿಚಿತವಾದುದೇನಲ್ಲ. ಪೀಪಾಯಿಯಿಂದ ಸೀಮೆಎಣ್ಣೆಯನ್ನು ಇಳಿಸುವಾಗ ರಬ್ಬರು ಕೊಳವೆಯ ಒಂದು ತುದಿಯನ್ನು ಪೀಪಾಯಿಯಲ್ಲಿಟ್ಟು, ಇನ್ನೊಂದನ್ನು ಬಾಯಿಂದ ಒಮ್ಮೆ ಎಳೆದು ಕೆಳಗಿನ ಡಬ್ಬಕ್ಕೆ ಬಿಟ್ಟರೆ, ಎಣ್ಣೆಯು ತಾನಾಗಿಯೇ ಹರಿಯುತ್ತಿರುತ್ತದೆಯಲ್ಲವೆ? ಅದೇ ಸೈಫನ್ನು. ಇಲ್ಲಿ ಪೀಪಾಯಿಯೆಂದರೆ ಸಮುದ್ರ, ಡಬ್ಬವೆಂದರೆ ದೋಣಿ. ಪಂಪಿನ ಒಂದೆರಡು ಎಳೆತವೇ ಬಾಯಿಂದೆಳೆದ ಉಸಿರು. ಪಂಪಿನೊಳಗಿನ ರಬ್ಬರಿನ ಕವಾಟಗಳು ಹೊಸದಾಗಿರುವಷ್ಟು ಕಾಲ ನೀರನ್ನು ತಡೆಯುತ್ತವೆ. ಅವು ಸವೆದರೆ, ಅಥವಾ ಅವುಗಳ ನಡುವೆ ಕೂದಲೆಳೆಯೊಂದು ಸಿಕ್ಕಿಕೊಂಡರೂ ಸಾಕು, ಗಂಟೆಗೆ ನೂರಾರು ಲೀಟರು ನೀರು ಒಳಗೆ ಬರಬಹುದು. ಇನ್ನು ಹೊರಗೊಯ್ಯುವ ದೊಡ್ಡ ಕೊಳವೆಯೇ ಕಳಚಿಬಿದ್ದರೆ ಕೇಳುವುದೇ ಬೇಡ. ನೀರಿನ ಮಟ್ಟಕ್ಕೆ ಎರಡಡಿ ಕೆಳಗಿರುವ ಒಂದೂವರೆ ಅಂಗುಲದ ರಂಧ್ರದಿಂದ ನಿಮಿಷಕ್ಕೆ 130 ಲೀಟರಿಗೆ ಕಡಮೆಯಿಲ್ಲದೆ ನೀರು ನುಗ್ಗುತ್ತದೆ. ನಮ್ಮ ಲೆಕ್ಕದಲ್ಲಿ ಎಂಟೊಂಬತ್ತು ಕೊಡ. ಇಬ್ಬರು ಬಕೆಟ್ಟು ಹಿಡಿದು ಎತ್ತಿದರೂ ಸಮಮಾಡುವುದು ದುಸ್ಸಾಧ್ಯ.

ಯುದ್ಧದಲ್ಲಿಯೂ ಇಂತಹದೊಂದು ನಡೆದಿದೆ. ಎರಡನೆಯ ಮಹಾಯುದ್ಧದ ಕೊನೆಯ ವಾರಗಳಲ್ಲಿ, 1945ರ ಏಪ್ರಿಲ್ 14ರಂದು, ಯು-1206 ಎಂಬ ಜರ್ಮನ್ ಜಲಾಂತರ್ಗಾಮಿ ನೌಕೆಯು ಸ್ಕಾಟ್ಲೆಂಡಿನ ತೀರದ ಬಳಿ ನೀರಿನಾಳದಲ್ಲಿದ್ದಾಗ ಅದರ ಶೌಚಯಂತ್ರದ ಮೂಲಕ ಸಮುದ್ರವು ಒಳನುಗ್ಗಿತು. ಉಪ್ಪುನೀರು ಬ್ಯಾಟರಿಗಳನ್ನು ಮುಟ್ಟಿ ವಿಷವಾಯು ಎದ್ದಿತು. ನೌಕೆಯು ಮೇಲಕ್ಕೆ ಬರಲೇಬೇಕಾಯಿತು. ಮೇಲೆ ಶತ್ರುಗಳ ವಿಮಾನಗಳಿದ್ದುವು. ನಾಲ್ವರು ಸತ್ತು ಉಳಿದವರು ಸೆರೆಯಾದರು. ತಪ್ಪು ಬಳಸಿದವನದೋ ರಿಪೇರಿ ಮಾಡಹೋದವನದೋ ಎಂಬಲ್ಲಿ ಹೇಳಿಕೆಗಳು ಬೇರೆಬೇರೆಯಾಗಿವೆ.

ಸೈಫನ್ನಿಗೆ ಮದ್ದು ಅತಿ ಸುಲಭ, ಅಗ್ಗ. ಕೊಳವೆಯನ್ನು ನೇರವಾಗಿ ಒಯ್ಯದೆ, ಗೋಡೆಯ ಗುಂಟ ಮೇಲೇರಿಸಿ, ತಲೆಕೆಳಗಾದ ಲಾಳದ ಆಕಾರದಲ್ಲಿ ಬಾಗಿಸಿ ಮತ್ತೆ ಕೆಳಗಿಳಿಸಬೇಕು. ಬಾಗಿನ ನೆತ್ತಿಯಲ್ಲಿ ಗಾಳಿಯನ್ನು ಮಾತ್ರ ಒಳಗೆ ಬಿಡುವ ಪುಟ್ಟ ಕವಾಟವಿರಬೇಕು. ಪಂಪು ನಿಂತೊಡನೆ ಅಲ್ಲಿ ಗಾಳಿಯು ಹೊಕ್ಕು ನೀರಿನ ಸರಪಳಿಯು ತುಂಡಾಗುತ್ತದೆ. ಎಣ್ಣೆಯ ಕೊಳವೆಗೆ ಮೇಲೆ ಸೂಜಿಯಿಂದ ತೂತುಮಾಡಿದರೆ ಹೇಗೋ ಹಾಗೆ. ಆ ನೆತ್ತಿಯು ಸಮುದ್ರದ ಮಟ್ಟಕ್ಕಿಂತ ಕಡೆಯಪಕ್ಷ 20 ಸೆಂಟಿಮೀಟರು ಮೇಲಿರಬೇಕು. ಈ ಅಳತೆಯನ್ನು ದೋಣಿಯು ನೆಟ್ಟಗೆ ನಿಂತಾಗ ತೆಗೆದರೆ ಪ್ರಯೋಜನವಿಲ್ಲ. ಗಾಳಿಗೆ ಪೂರ್ತಿ ವಾಲಿದಾಗಲೂ ಅಷ್ಟಿರಬೇಕು. ಹೊರಹೋಗುವ ಕೊಳವೆಗೂ ಒಳಬರುವ ಕೊಳವೆಗೂ ಇದು ಅಗತ್ಯ. ಒಳಬರುವ ಕೊಳವೆಯಲ್ಲಿ ಬಹು ಜನರು ಬಾಗನ್ನು ಸೀಕಾಕಿಗೂ ಪಂಪಿಗೂ ನಡುವೆ ಇಡುತ್ತಾರೆ. ಆಗ ಪಂಪು ನೀರಿಗೆ ಬದಲು ಆ ಪುಟ್ಟ ಕವಾಟದಿಂದ ಗಾಳಿಯನ್ನೇ ಎಳೆಯುತ್ತದೆ. ಅದರ ಯೋಗ್ಯಸ್ಥಾನವು ಪಂಪಿಗೂ ಬೋಗುಣಿಗೂ ನಡುವೆ. ಕಾರ್ಖಾನೆಯವರು ಅಲ್ಲಿ ಗೇಣುದ್ದದ ಕೊಳವೆಯೊಂದನ್ನು ಜೋಡಿಸಿ ಕಳುಹಿಸಿರುತ್ತಾರೆ. ಅದನ್ನು ಕಿತ್ತು ಉದ್ದನೆಯದನ್ನು ಹಾಕಿ ಮೇಲಕ್ಕೇರಿಸಬೇಕು. ನಮ್ಮ ಶಿಷ್ಯನು ಮಾಡಿದ ಮೊದಲ ಸುಧಾರಣೆ ಇದೇ. ಪುಟ್ಟ ಕವಾಟದಲ್ಲಿ ಉಪ್ಪು ಕಟ್ಟಿಕೊಂಡರೆ ಇಷ್ಟೆಲ್ಲ ಮಾಡಿಯೂ ಮಾಡದಂತೆಯೇ. ಆಗಾಗ ಬಿಚ್ಚಿ ಬಿಸಿನೀರಿನಲ್ಲಿ ತೊಳೆದಿಡಬೇಕು. ಬಾಗು ಇದ್ದರೂ ಶೌಚವಾದ ಮೇಲೆ ಸೀಕಾಕನ್ನು ಮುಚ್ಚುವ ಅಭ್ಯಾಸವನ್ನು ಬಿಡತಕ್ಕದ್ದಲ್ಲ.

ಇನ್ನು ದುರ್ಗಂಧದ ವಿಚಾರ. ದೋಣಿಯಲ್ಲಿ ಕೊಳೆತ ಮೊಟ್ಟೆಯ ನಾತ ಬಂದರೆ ಎಲ್ಲರೂ ಮೊದಲು ಹೊರಹೋಗುವ ಕೊಳವೆಯನ್ನೇ ದೂರುತ್ತಾರೆ. ಅನೇಕ ವೇಳೆ ಅಪರಾಧಿಯು ಒಳಬರುವ ಸಮುದ್ರದ ನೀರೇ. ಕಣ್ಣಿಗೆ ಕಾಣದ ಅಸಂಖ್ಯ ಜೀವಿಗಳು ಅದರಲ್ಲಿವೆ. ದೋಣಿಯನ್ನು ಕಟ್ಟಿ ಒಂದು ವಾರ ಊರಿಗೆ ಹೋದರೆ, ಕೊಳವೆಯಲ್ಲಿ ನಿಂತ ನೀರಿನಲ್ಲಿ ಅವು ಸತ್ತು ಕೊಳೆಯುತ್ತವೆ. ಆಮ್ಲಜನಕವು ಮುಗಿದ ಮೇಲೆ ನೀರಿನಲ್ಲಿರುವ ಗಂಧಕದ ಲವಣಗಳಿಂದ ಸೂಕ್ಷ್ಮಜೀವಿಗಳು ಹೈಡ್ರೋಜನ್ ಸಲ್ಫೈಡ್ ಎಂಬ ವಾಯುವನ್ನು ಹುಟ್ಟಿಸುತ್ತವೆ. ಮರಳಿ ಬಂದು ಪಂಪನ್ನು ಒಮ್ಮೆ ಆಡಿಸಿದೊಡನೆ ಅದೆಲ್ಲ ಬೋಗುಣಿಗೆ ಬಂದು ಮೂಗಿಗೆ ರಾಚುತ್ತದೆ. ಹೊರಡುವ ಮುನ್ನ ಸಿಹಿನೀರಿನಿಂದ ಕೊಳವೆಯನ್ನು ತೊಳೆದಿಟ್ಟರೆ ಈ ಉಪದ್ರವವಿಲ್ಲ. ಆದರೆ ಕುಡಿಯುವ ನೀರಿನ ತೊಟ್ಟಿಗೆ ಶೌಚಯಂತ್ರವನ್ನು ನೇರವಾಗಿ ಜೋಡಿಸುವುದು ಮಹಾ ಅವಿವೇಕ. ಬೋಗುಣಿಯ ಕಶ್ಮಲವು ತೊಟ್ಟಿಗೆ ಹಿಂತಿರುಗಿ ಹೋಗುವ ಸಂಭವವುಂಟು. ಇದಕ್ಕೆ ದೋಣಿಗಾರರು ಕಂಡುಕೊಂಡ ಉಪಾಯವು ನಮಗೆ ಬಹಳ ಮೆಚ್ಚಿಗೆಯಾಯಿತು. ಕೈತೊಳೆಯುವ ತೊಟ್ಟಿಯ ನೀರು ಹೊರಹೋಗುವ ಕೊಳವೆಯನ್ನು, ಮೂರು ಬಾಯಿಯ ಜೋಡಣೆಯೊಂದರಿಂದ, ಶೌಚಕ್ಕೆ ನೀರು ಬರುವ ಕೊಳವೆಗೆ ಸೇರಿಸಿಬಿಡುತ್ತಾರೆ. ಕೈತೊಟ್ಟಿಯಲ್ಲಿ ಸಿಹಿನೀರನ್ನು ತುಂಬಿ, ಸಮುದ್ರದ ಸೀಕಾಕನ್ನು ಮುಚ್ಚಿ ಪಂಪನ್ನು ಆಡಿಸಿದರೆ, ಪಂಪು ಬೇರೆ ದಾರಿಯಿಲ್ಲದೆ ಆ ಸಿಹಿನೀರನ್ನೇ ಎಳೆದುಕೊಳ್ಳುತ್ತದೆ. ಕುಡಿಯುವ ನೀರಿಗೂ ಶೌಚಕ್ಕೂ ನಡುವೆ ತೆರೆದ ಗಾಳಿಯ ಅಂತರವು ಉಳಿದೇ ಇರುತ್ತದೆ; ದೋಣಿಯ ಮೈಯಲ್ಲಿ ಒಂದು ರಂಧ್ರವೂ ಉಳಿತಾಯವಾಗುತ್ತದೆ.

ಹೊರಹೋಗುವ ಕೊಳವೆಯೂ ನಿರಪರಾಧಿಯೇನಲ್ಲ. ಅಗ್ಗದ ಕೊಳವೆಯು ಕೆಲವು ವರುಷಗಳಲ್ಲಿ ದುರ್ಗಂಧವನ್ನು ಹೀರಿ ಹೊರಮೈಗೆ ಬಿಡುತ್ತದೆ. ಒಂದು ತೊಟ್ಟು ಸೋರದಿದ್ದರೂ ನಾತ ಹೋಗುವುದಿಲ್ಲ. ಪರೀಕ್ಷೆಯು ಮನೆವಾರ್ತೆಯ ಹೆಂಗಸರಿಗೂ ಒಪ್ಪುವಂತಹುದು: ಶುಭ್ರವಾದ ಬಟ್ಟೆಯನ್ನು ಬಿಸಿನೀರಿನಲ್ಲದ್ದಿ, ಹಿಂಡಿ, ಕೊಳವೆಯ ಹೊರಮೈಗೆ ಸುತ್ತಿಡಬೇಕು, ತಣ್ಣಗಾದ ಮೇಲೆ ಹೊರಗಿನ ಗಾಳಿಯಲ್ಲಿ ಆ ಬಟ್ಟೆಯನ್ನು ಮೂಸಬೇಕು. ನಾತವಿದ್ದರೆ ಕೊಳವೆಯ ಕಾಲ ಮುಗಿಯಿತೆಂದೇ ಅರ್ಥ. ಊದುಬತ್ತಿ, ಪರಿಮಳದ ಎಣ್ಣೆ, ಅಂಗಡಿಯವರು ಮಾರುವ ಬಣ್ಣದ ನೀರು, ಇವುಗಳೆಲ್ಲ ಮಾಡುವುದು ಮೂಗಿನ ವಂಚನೆ ಮಾತ್ರ. ಹೊಸ ಕೊಳವೆಯನ್ನು ಶೌಚದ ಉಪಯೋಗಕ್ಕೆಂದೇ ಮಾಡಿದ ದಪ್ಪ ಜಾತಿಯಲ್ಲಿ ಕೊಳ್ಳಬೇಕು. ಎಲ್ಲಿಯೂ ಜೋತುಬಿದ್ದು ಕಶ್ಮಲ ನಿಲ್ಲುವ ತಗ್ಗಿರದಂತೆ ಒಯ್ಯಬೇಕು. ತುದಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಏರಿಸಿ, ತುಕ್ಕು ಹಿಡಿಯದ ಪಟ್ಟಿಗಳನ್ನು ಎರಡೆರಡು ಬಿಗಿಯಬೇಕು. ಕೊಳವೆಯ ಬೆಲೆಯನ್ನು ಕೇಳಿ ಹಿಂಜರಿಯುವ ಯಜಮಾನನು ಹಾಯಿಬಟ್ಟೆಗೆ ಎಷ್ಟು ಕೊಟ್ಟನೆಂಬುದನ್ನು ನೆನೆಯಲಿ.

ಕೊಳವೆಯೊಳಗೆ ಮತ್ತೊಬ್ಬ ಶತ್ರುವಿದ್ದಾನೆ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 400 ಮಿಲಿಗ್ರಾಮು ಕ್ಯಾಲ್ಸಿಯಮ್ಮೂ ಅದರ ಮೂರರಷ್ಟು ಮೆಗ್ನೀಸಿಯಮ್ಮೂ ಕರಗಿರುತ್ತವೆ. ಮೂತ್ರವು ಇದರೊಡನೆ ಬೆರೆತು ನಿಂತಾಗ ಕ್ಷಾರಗುಣವು ಹೆಚ್ಚಿ, ಕರಗಿದುದು ಸುಣ್ಣದಂತೆ ಕಲ್ಲಾಗಿ ಕೊಳವೆಯ ಒಳಮೈಗೆ ಅಂಟಿಕೊಳ್ಳುತ್ತದೆ. ನಮ್ಮ ಬಚ್ಚಲಿನ ಹಂಡೆಯಲ್ಲಿ ಗಡಸುನೀರಿನ ಚಕ್ಕೆ ಕಟ್ಟುವುದನ್ನು ನೋಡಿದವರಿಗೆ ಇದು ಅರ್ಥವಾದೀತು. ವರುಷಗಳು ಕಳೆದಂತೆ ಒಂದೂವರೆ ಅಂಗುಲದ ದಾರಿಯು ಬೆರಳಷ್ಟಾಗಿ, ಒಂದು ದಿನ, ಅದೂ ನೆಂಟರು ಬಂದಿರುವ ದಿನವೇ, ಪೂರ್ಣವಾಗಿ ಮುಚ್ಚಿಹೋಗುತ್ತದೆ. ಇದನ್ನು ತಡೆಯುವುದಕ್ಕೆ ಎರಡು ಮಾರ್ಗಗಳು. ಮೊದಲನೆಯದು, ಪಂಪನ್ನು ಧಾರಾಳವಾಗಿ ಆಡಿಸುವುದು. ಆ ಗಾತ್ರದ ಕೊಳವೆಯಲ್ಲಿ ಮೀಟರಿಗೆ ಒಂದು ಲೀಟರಿಗೂ ಮಿಗಿಲಾಗಿ ನೀರು ಹಿಡಿಸುತ್ತದೆ. ಬೋಗುಣಿಯು ಶುಭ್ರವಾಗಿ ಕಂಡಿತೆಂದು ಎರಡೇ ಎಳೆತಕ್ಕೆ ನಿಲ್ಲಿಸಿದವನು ಕಶ್ಮಲವನ್ನು ಕಣ್ಣಿನಿಂದ ಮರೆಮಾಡಿದನೇ ಹೊರತು ದೋಣಿಯಿಂದ ಹೊರಗೆ ಹಾಕಲಿಲ್ಲ. ಎರಡನೆಯದು, ವಾರಕ್ಕೊಮ್ಮೆ ಮಲಗುವ ಮುನ್ನ ಒಂದೆರಡು ಲೋಟ ವಿನಿಗರ್ ಹಾಕಿ, ಅದು ಕೊಳವೆಯನ್ನು ಮುಟ್ಟುವಷ್ಟು ಮಾತ್ರ ಪಂಪು ಮಾಡಿ ಬೆಳಗಿನವರೆಗೆ ಬಿಡುವುದು. ಹೊಸದಾಗಿ ಕಟ್ಟಿದ ಸುಣ್ಣವು ಇದಕ್ಕೆ ಕರಗುತ್ತದೆ. ಹಳೆಯ ಕಲ್ಲಿಗೆ ಇದು ಸಾಲದು. ಬ್ಲೀಚಿಂಗ್ ದ್ರಾವಣವನ್ನು ವಿನಿಗರಿನೊಡನೆಯಾಗಲಿ ಬೇರೆ ಆಮ್ಲದೊಡನೆಯಾಗಲಿ ಎಂದೆಂದಿಗೂ ಬೆರೆಸಕೂಡದು. ಹುಟ್ಟುವ ಕ್ಲೋರೀನ್ ವಾಯುವು ಆ ಇಕ್ಕಟ್ಟಾದ ಕೋಣೆಯಲ್ಲಿ ಪ್ರಾಣಾಪಾಯಕ್ಕೆ ಕಾರಣವಾದೀತು. ಮನೆಯ ಬಚ್ಚಲಿಗೂ ಈ ಎಚ್ಚರವು ಸಲ್ಲುತ್ತದೆ.

ಕಲ್ಲಾದ ಕೊಳವೆಯನ್ನು ಶಿಷ್ಯನು ಹೇಗೆ ಉದ್ಧಾರಮಾಡಿದನೆಂಬುದನ್ನು ನಾವು ಕಣ್ಣಾರೆ ನೋಡಿದೆವು. ಅದನ್ನು ಕಿತ್ತು, ದಡಕ್ಕೆ ತಂದು, ಎರಡೂ ಕೈಗಳಿಂದ ಹಿಡಿದೆತ್ತಿ, ನಮ್ಮ ಹೊಳೆಯ ಕಲ್ಲಿನ ಮೇಲೆ ಕಂಬಳಿಯನ್ನು ಒಗೆಯುವಂತೆ ಪಟಪಟನೆ ಬಡಿದನು. ಹತ್ತಿಪ್ಪತ್ತು ಪೆಟ್ಟಿಗೆ ಮೊಟ್ಟೆಯ ಚಿಪ್ಪಿನಂತಹ ಚಕ್ಕೆಗಳು ಒಂದು ಮೊರದಷ್ಟು ಉದುರಿದುವು. ಪಕ್ಕದ ದೋಣಿಯ ಆಂಗ್ಲೇಯ ಮುದುಕನು ಚಹಾದ ಬಟ್ಟಲನ್ನು ಹಿಡಿದುಕೊಂಡೇ ತಲೆದೂಗಿದನು. ಅಲ್ಲಿ ಇದು ವಸಂತಕಾಲದ ವಾಡಿಕೆಯ ಕೆಲಸವಂತೆ.

ಮರುದಿನ ಪಂಪನ್ನು ಬಿಚ್ಚುವ ಕೆಲಸ. ಪಂಪಿನಿಂದ ಹೊರಟ ಕಶ್ಮಲವು ಮರಳಿ ಬೋಗುಣಿಗೆ ಬಾರದಂತೆ ತಡೆಯುವುದು 'ಜೋಕರ್ ವಾಲ್ವ್' ಎಂಬ ರಬ್ಬರಿನ ಕವಾಟ. ಹೆಬ್ಬೆರಳಿನಷ್ಟು ದಪ್ಪದ, ತುದಿಯಲ್ಲಿ ಸೀಳುಗಳಿರುವ ಒಂದು ತುಂಡು. ಹೃದಯದ ಕವಾಟದಂತೆ ಒತ್ತಿದಾಗ ಅರಳಿ, ಬಿಟ್ಟಾಗ ಮುಚ್ಚಿಕೊಳ್ಳುತ್ತದೆ. ಸುಣ್ಣ ಕಟ್ಟಿ ಅದು ಗಡುಸಾದರೆ ಬೋಗುಣಿಯಲ್ಲಿ ಕಂದುನೀರು ಹಿಂತಿರುಗಿ ಬರತೊಡಗುತ್ತದೆ. ಬೆಲೆ ಅತ್ಯಲ್ಪ, ವರುಷಕ್ಕೊಮ್ಮೆ ಹೊಸದನ್ನು ಹಾಕುವುದೇ ಮೇಲು. ಪಿಸ್ಟನ್ನಿನ ಉಂಗುರಗಳಿಗೆ ಸಿಲಿಕೋನ್ ಜಿಡ್ಡನ್ನು ಸವರಿದರೆ ಹಿಡಿಯು ಹಗುರವಾಗಿ ಆಡುತ್ತದೆ. ಶಿಷ್ಯನು ಸೀಕಾಕುಗಳನ್ನು ಮುಚ್ಚಿ, ಕೈಚೀಲಗಳನ್ನು ತೊಟ್ಟು, ಕೆಳಗೆ ಬಕೆಟ್ಟನ್ನಿಟ್ಟು ತಿರುಪುಗಳನ್ನು ಬಿಚ್ಚತೊಡಗಿದನು. ನಮ್ಮನ್ನು ಕಂಡು, "ಮೇಷ್ಟ್ರೇ, ತಾವು ಮೇಲೆ ಗಾಳಿಯಲ್ಲಿ ಕೂತಿರಿ, ಇದು ತಮಗೆ ತಕ್ಕ ಕೆಲಸವಲ್ಲ" ಎಂದನು. ನಾವು ಹೋಗಲಿಲ್ಲ, ದೀಪವನ್ನು ಹಿಡಿದು ನಿಂತೆವು.

ಹೋಗದಿರುವುದಕ್ಕೆ ಕಾರಣವಿತ್ತು. ನಮ್ಮ ದೇಶದಲ್ಲಿ ಶೌಚದ ನಿಯಮಗಳನ್ನು ಬರೆದವರು ಒಂದು ವರ್ಗದವರು, ಮಲವನ್ನು ಹೊತ್ತವರು ಇನ್ನೊಂದು ವರ್ಗದವರು. ಮೃತ್ತಿಕೆ ಎಷ್ಟು ಸಲ, ನೀರು ಎಷ್ಟು ಸಲ ಎಂದು ಪಾಠಶಾಲೆಯಲ್ಲಿ ಕಂಠಪಾಠ ಮಾಡಿದೆವು. ಆಮೇಲೆ ಅದು ಯಾರ ತಲೆಯ ಮೇಲೆ ಹೋಯಿತೆಂದು ಯಾವ ಶಾಸ್ತ್ರಿಗಳೂ ಪಾಠ ಹೇಳಲಿಲ್ಲ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಹೊರಡಬೇಕಾಯಿತು, ಇಡೀ ದೇಶಕ್ಕೆ 2013ರಲ್ಲಿ ಮತ್ತೊಂದು ಕಾಯಿದೆ ಬೇಕಾಯಿತು. ಇಷ್ಟಾದರೂ ಪಟ್ಟಣಗಳಲ್ಲಿ ಮಲದ ಗುಂಡಿಗೆ ಇಳಿದವನು ಸತ್ತ ವಾರ್ತೆಯು ಪತ್ರಿಕೆಯಲ್ಲಿ ಬರುವುದು ತಪ್ಪಿಲ್ಲ. ದೋಣಿಯಲ್ಲಿ ಕರೆಯಲು ಬೇರೆ ಯಾರೂ ಇಲ್ಲ. ತೀರವು ಹತ್ತು ಹರಿದಾರಿ ದೂರದಲ್ಲಿದ್ದಾಗ ಪಂಪು ಕಟ್ಟಿಕೊಂಡರೆ, ಬಳಸಿದವನೇ ಬಿಚ್ಚಬೇಕು. ಯಜಮಾನನೂ ಅವನೇ, ಜಾಡಮಾಲಿಯೂ ಅವನೇ. ಭಾರತದ ನೌಕಾದಳದ ಆರು ಮಂದಿ ಮಹಿಳಾ ಅಧಿಕಾರಿಗಳು 'ತಾರಿಣಿ'ಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟು, ಭೂಪ್ರದಕ್ಷಿಣೆ ಮಾಡಿ, 2018ರ ಮೇ ತಿಂಗಳಿನಲ್ಲಿ ಮರಳಿದಾಗ ಎಲ್ಲರೂ ಬಿರುಗಾಳಿಯ ವಿಷಯವನ್ನೇ ಕೇಳಿದರು. ಎಂಟು ತಿಂಗಳಿಗೂ ಮಿಕ್ಕ ಆ ಯಾತ್ರೆಯಲ್ಲಿ ಇಂತಹ ದಿನನಿತ್ಯದ ಕೆಲಸಗಳಿಗೆ ಎಷ್ಟು ತಾಳ್ಮೆ ಬೇಕಾಗಿರಬಹುದೆಂದು ನಮಗೆ ಅಂದು, ಆ ದೀಪವನ್ನು ಹಿಡಿದು ನಿಂತಾಗ, ಹೊಳೆಯಿತು.

ಹೊರಗೆ ಹಾಕಿದುದು ಎಲ್ಲಿಗೆ ಹೋಗುತ್ತದೆಂಬುದೂ ವಿಚಾರಯೋಗ್ಯವೇ. ನೀರಿನಲ್ಲಿ ಮಲಮೂತ್ರ ವಿಸರ್ಜನೆಯನ್ನು ನಮ್ಮ ಧರ್ಮಶಾಸ್ತ್ರಗಳು ನಿಷೇಧಿಸಿವೆ. ಜಲಾಶಯ, ದೇವಾಲಯ ಮೊದಲಾದ ಸ್ಥಳಗಳಲ್ಲಿ ಹಾಗೆ ಮಾಡಿದವನಿಗೆ ಕೌಟಿಲ್ಯನು ದಂಡವನ್ನು ವಿಧಿಸಿದ್ದಾನೆ. ಈಗಿನ ರಾಷ್ಟ್ರಗಳೂ ಅದೇ ದಾರಿಗೆ ಬಂದಿವೆ. ಅಂತರರಾಷ್ಟ್ರೀಯ ಒಡಂಬಡಿಕೆಯಾದ ಮಾರ್ಪೋಲಿನ ನಾಲ್ಕನೆಯ ಅನುಬಂಧವು 2003ರಲ್ಲಿ ಜಾರಿಗೆ ಬಂದಿತು. ಅದರಂತೆ ದೊಡ್ಡ ಹಡಗುಗಳು ಸಂಸ್ಕರಿಸದ ಮಲವನ್ನು ತೀರದಿಂದ 12 ನಾವಿಕ ಮೈಲಿಗಳಾಚೆಗೆ ಮಾತ್ರ ಬಿಡಬಹುದು. ಅಮೆರಿಕೆಯಲ್ಲಿ ಸಣ್ಣ ದೋಣಿಗಳಿಗೂ ತೀರದಿಂದ 3 ನಾವಿಕ ಮೈಲಿಗಳೊಳಗೆ ಇದು ನಿಷಿದ್ಧ. ಸ್ವೀಡನ್ ದೇಶವು 2015ರಿಂದ ವಿಹಾರದ ದೋಣಿಗಳಿಗೆ ತನ್ನ ನೀರಿನಲ್ಲೆಲ್ಲ ನಿಷೇಧಿಸಿದೆ. ಯೂರೋಪಿನ ಒಕ್ಕೂಟದ 2013ರ ನಿಯಮದಂತೆ ಹೊಸ ದೋಣಿಯಲ್ಲಿ ಶೌಚಯಂತ್ರವನ್ನು ಕೂಡಿಸಿದರೆ ಅದನ್ನು ಕಶ್ಮಲದ ತೊಟ್ಟಿಗೋ ಶುದ್ಧೀಕರಣದ ಉಪಕರಣಕ್ಕೋ ಜೋಡಿಸಲೇಬೇಕು. ತೊಟ್ಟಿಯಲ್ಲಿ ಸಂಗ್ರಹಿಸಿ, ಬಂದರಿನಲ್ಲಿ ಹೀರುವ ಯಂತ್ರಕ್ಕೆ ಒಪ್ಪಿಸಬೇಕು, ಇಲ್ಲವೆ ದೂರ ಸಮುದ್ರದಲ್ಲಿ ಬಿಡಬೇಕು.

ಹಳೆಯ ದೋಣಿಗೆ ತೊಟ್ಟಿಯನ್ನು ಸೇರಿಸುವವರು ಜಾಗವಿದ್ದಲ್ಲಿ ಎಂದು ಹಾಸಿಗೆಯ ಕೆಳಗೆ ಇಡುವುದುಂಟು. ಅದಕ್ಕಿಂತ ಶೌಚಗೃಹದ ಗೋಡೆಯ ಮೇಲ್ಭಾಗದಲ್ಲಿ, ಸಮುದ್ರದ ಮಟ್ಟಕ್ಕಿಂತ ಮೇಲೆ ಇಟ್ಟರೆ ಲೇಸು. ಆಗ ಸೀಕಾಕನ್ನು ತೆರೆದ ಮಾತ್ರಕ್ಕೆ ಎಲ್ಲವೂ ತಾನಾಗಿ ಇಳಿದುಹೋಗುತ್ತದೆ, ಇನ್ನೊಂದು ಪಂಪು ಬೇಕಿಲ್ಲ. ನಾಲ್ಕು ಜನರಿಗೆ 60 ಲೀಟರಿನ ತೊಟ್ಟಿ ಎರಡು ದಿನಕ್ಕೂ ಸಾಲುವುದು ಕಷ್ಟ; ಆದುದರಿಂದ ಜಾಗವಿದ್ದಷ್ಟೂ ದೊಡ್ಡದಿರಲಿ. ಅದಕ್ಕಿಂತ ಮುಖ್ಯವಾದುದು ಗಾಳಿಯ ಕೊಳವೆ. ಗಾಳಿಯಾಡಿದರೆ ತೊಟ್ಟಿಯಲ್ಲಿ ಕೊಳೆಯುವಿಕೆಯು ನಾತವಿಲ್ಲದೆ ನಡೆಯುತ್ತದೆ, ಆಡದಿದ್ದರೆ ಮೊಟ್ಟೆಯ ನಾತ. ಹಳೆಯ ದೋಣಿಗಳ ಗಾಳಿಕೊಳವೆಯು ಕಿರುಬೆರಳಿನಷ್ಟಿರುತ್ತದೆ. ಅದನ್ನು ತೆಗೆದು ಒಂದಂಗುಲದ್ದನ್ನು, ಸಾಧ್ಯವಾದರೆ ಎರಡನ್ನು, ಬಾಗಿಲ್ಲದೆ ನೇರವಾಗಿ ಒಯ್ಯಬೇಕು.

ಈ ಪಂಪು, ಕೊಳವೆ, ರಂಧ್ರಗಳ ಜಂಜಾಟವೇ ಬೇಡವೆಂದು ಈಚೆಗೆ ಕೆಲವರು ಒಣಶೌಚವನ್ನು ಇಟ್ಟುಕೊಳ್ಳುತ್ತಿದ್ದಾರೆ. ಅದರಲ್ಲಿ ಮೂತ್ರವು ಬೇರೆ ಪಾತ್ರೆಗೂ ಮಲವು ಬೇರೆ ಪಾತ್ರೆಗೂ ಹೋಗುತ್ತದೆ. ಮಲದ ಮೇಲೆ ತೆಂಗಿನ ನಾರಿನ ಪುಡಿಯನ್ನು ಹಾಕಿ ಹಿಡಿಯಿಂದ ಕಲಕುತ್ತಾರೆ. ಎರಡೂ ಬೆರೆಯದಿದ್ದರೆ ದುರ್ಗಂಧವು ಬಹುಮಟ್ಟಿಗೆ ಹುಟ್ಟುವುದೇ ಇಲ್ಲ. ನಮ್ಮ ತೆಂಕಣ ಸೀಮೆಯ ತೆಂಗಿನ ಸಿಪ್ಪೆಯು ಇಟ್ಟಿಗೆಯ ಆಕಾರದಲ್ಲಿ ಒತ್ತಲ್ಪಟ್ಟು ಪರದೇಶಗಳಿಗೆ ಹೋಗುತ್ತಿದೆಯಷ್ಟೆ. ಅದರಲ್ಲಿ ಸ್ವಲ್ಪಭಾಗಕ್ಕೆ ಇದೂ ಒಂದು ಗತಿ. ಇಬ್ಬರಿಗೆ ಇದು ಸುಖವಾಗಿ ನಡೆದೀತು. ಮಕ್ಕಳೂ ನೆಂಟರೂ ತುಂಬಿದ ದೋಣಿಯಲ್ಲಿ ಮೂತ್ರದ ಪಾತ್ರೆಯನ್ನು ದಿನಕ್ಕೆರಡು ಸಲ ಹೊತ್ತು ತಿರುಗುವವರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಚಳಿದೇಶದಲ್ಲಿ ದೋಣಿಯನ್ನು ಇಡುವವರು ಹೇಮಂತಕ್ಕೆ ಮುನ್ನ ಯಂತ್ರದಲ್ಲಿ ನೀರು ಉಳಿಯದಂತೆ ಬರಿದು ಮಾಡಬೇಕು. ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಪಂಪೂ ಪಿಂಗಾಣಿಯೂ ಸೀಳುತ್ತವೆ. ತಿಂಗಳಿಗೊಮ್ಮೆಯಾದರೂ ಸೀಕಾಕುಗಳ ಹಿಡಿಯನ್ನು ತೆರೆದು ಮುಚ್ಚಿ ನೋಡಬೇಕು. ಆಡಿಸದ ಹಿಡಿಯು ಬೇಕಾದ ರಾತ್ರಿ ಕದಲುವುದಿಲ್ಲ. ಕೊಳವೆಯ ಬಿಗಿಪಟ್ಟಿಗಳ ಮೇಲೆ ಬೆರಳಾಡಿಸಿ ತುಕ್ಕನ್ನು ಪರೀಕ್ಷಿಸಬೇಕು. ಇದರ ಜೊತೆಗೆ, ಒಂದು ತುದಿ ಚೂಪಾಗಿರುವ ಮೆತುಮರದ ಬೆಣೆಯನ್ನು ಆ ರಂಧ್ರದ ಅಳತೆಗೆ ಮಾಡಿಸಿ, ಪ್ರತಿಯೊಂದು ಸೀಕಾಕಿನ ಕೊರಳಿಗೂ ದಾರದಿಂದ ಕಟ್ಟಿಡಬೇಕು. ತಿರುಗಣೆ ಮುರಿದ ವೇಳೆಯಲ್ಲಿ ಕತ್ತಲೆಯಲ್ಲಿ ಅದನ್ನು ಹುಡುಕಲು ಅವಕಾಶವಿರುವುದಿಲ್ಲ. ಕೈ ಚಾಚಿದಲ್ಲೇ ಸಿಕ್ಕಬೇಕು, ಸುತ್ತಿಗೆಯೂ ಪಕ್ಕದಲ್ಲೇ ಇರಬೇಕು.